ಹಿಂದೆ ಹಿಡಿಸಿದ ಚಕ್ರ ಮುಂದೆ ತಿರುಗಲಿಲ್ಲ

"ಒಂದೇ ಗಂಟೆ. ಅಷ್ಟರಲ್ಲಿ ನಾಲ್ಕೂ ಚಕ್ರ ಹಾಕಿ ಕೈ ತೊಳ್ಕೊಂಡು ಬರ್ತೀನಿ, ನೀನು ಟೀ ಇಟ್ಟಿರು."

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಅಂಗಳದಲ್ಲಿ ನಿಂತು ಲಾರಿ ಮಾಲೀಕರು ಹೆಂಡತಿಗೆ ಹೀಗೆ ಅಭಯ ನೀಡಿದರು. ಮಾಲೀಕರೆಂದರೆ ಆ ಒಂದೇ ಒಂದು ಚಿಕ್ಕ ಲಾರಿಗೆ. ಡ್ರೈವರೂ ಅವರೇ, ಅದನ್ನು ತೊಳೆಯುವವರೂ ಅವರೇ. ಹದಿಮೂರು ವರ್ಷ ಕಪ್ಪು ಕಬ್ಬಿಣದ ಚಕ್ರಗಳ ಮೇಲೆ ಉರುಳಿ ಬೇಸತ್ತು, ಟೈರು ಸಮೇತ ಫಳಫಳ ಹೊಳೆಯುವ ಅಲಾಯ್ ಚಕ್ರಗಳನ್ನು ತಂದಿದ್ದರು. ಅವು ಲಾರಿ ಕಂಪನಿಯವಲ್ಲ, ಬೇರೆ ಯಾರೋ ಮಾಡಿದವು. ಹಳೆಯ ನಾಲ್ಕನ್ನು, ಅಂಥದೇ ಲಾರಿ ಇಟ್ಟುಕೊಂಡಿದ್ದ ಬಾಮೈದನಿಗೆ ದಾನಶೂರರ ಗತ್ತಿನಲ್ಲಿ ಆಗಲೇ ಕೊಟ್ಟು ಕಳಿಸಿಯೂ ಆಗಿತ್ತು. ಲಾರಿ ನಾಲ್ಕು ಕಟ್ಟಿಗೆ ದಿಮ್ಮಿಗಳ ಮೇಲೆ ಬರಿಗಾಲಲ್ಲಿ ನಿಂತಿತ್ತು.

ಹೆಂಡತಿ ಹೊಲಿಗೆಯವರು. ಇಷ್ಟು ವರ್ಷ ದಿಂಬಿನ ಕವರು, ಶಾಲೆಯ ಸಮವಸ್ತ್ರ ಹೊಲಿದು ಕಣ್ಣು ಮಂಜಾಗಿಸಿಕೊಂಡವರಿಗೆ, ಹೊಸ ರಂಗಮಂದಿರದ ಪರದೆಗಳನ್ನು ಹೊಲಿಯುವ ದೊಡ್ಡ ಕೆಲಸ ಮೊದಲ ಸಲ ಸಿಕ್ಕಿತ್ತು. ಎರಡು ತಿಂಗಳಿಂದ ನಡುಮನೆಯ ತುಂಬ ಕೆಂಪು ಮಖಮಲ್ಲು. ಮಧ್ಯಾಹ್ನ ಮೂರಕ್ಕೆ ಅದು ಅಲ್ಲಿರಬೇಕು. ತಡವಾದರೆ ಬಾಡಿಗೆ ಪರದೆ ಕಟ್ಟಿಸುತ್ತೇನೆ ಎಂದು ಮ್ಯಾನೇಜರು ಮೊದಲೇ ಹೇಳಿದ್ದರು.

"ಅಳತೆ ನೋಡಿದ್ರಾ?" ಎಂದು ಹೆಂಡತಿ ಕೇಳಿದರು.

"ಎತ್ತರ ಸರಿಯಿದೆ, ಅಗಲ ಸರಿಯಿದೆ, ಬೋಲ್ಟಿನ ತೂತು ಸರಿಯಿದೆ. ಇನ್ನೇನು ಬೇಕು?"

"ಅದೆಲ್ಲ ಹೊರಗಿಂದು. ಒಳಗೆ?"

"ಚಕ್ರಕ್ಕೆ ಒಳಗೆ ಏನಿರುತ್ತೆ? ಗಾಳಿ."

ಹಿಂದಿನ ಎರಡು ಚಕ್ರಗಳು ಬೆಣ್ಣೆಯಲ್ಲಿ ಕೂತಂತೆ ಕೂತವು. ಕೈಯಲ್ಲಿ ತಳ್ಳಿದರೆ ಗಿರಗಿರನೆ ತಿರುಗಿದವು. ಅಷ್ಟಕ್ಕೇ ನಮ್ಮ ಮಾಲೀಕರು ಮುಂದಿನವನ್ನು ತಿರುಗಿಸಿ ನೋಡುವ ಗೋಜಿಗೇ ಹೋಗದೆ ನಟ್ಟು ಬಿಗಿದು, ದಿಮ್ಮಿ ತೆಗೆದು, ಮಹಾರಾಜರಂತೆ ಸೀಟೇರಿ ಗೇರು ಹಾಕಿದರು. ಲಾರಿ 'ಕರ್ರ್' ಎಂದಿತು, ಒಂದು ಗೇಣು ಜರುಗಿತು, ಉಸಿರು ಬಿಟ್ಟಿತು.

"ಹ್ಯಾಂಡ್‌ಬ್ರೇಕು," ಎಂದರು. ಅದು ಇಳಿದೇ ಇತ್ತು. "ಅಂಗಳ ಏರು," ಎಂದರು. ಅಂಗಳ ಗೇಟಿನ ಕಡೆಗೆ ಇಳಿಜಾರು.

ಮುಂದಿನ ಚಕ್ರ ಬಿಚ್ಚಿ ಬಗ್ಗಿ ನೋಡಿದಾಗ ಗುಟ್ಟು ರಟ್ಟಾಯಿತು. ಹಿಂದೆ ಗುಂಡಗಿನ ಡ್ರಮ್ ಬ್ರೇಕು, ಯಾರ ತಂಟೆಗೂ ಹೋಗದ ಸಾಧು. ಮುಂದಿನದು ಡಿಸ್ಕ್ ಬ್ರೇಕು. ಡಿಸ್ಕನ್ನು ಅದುಮಿ ಹಿಡಿಯುವ ದಪ್ಪ ಕಬ್ಬಿಣದ ಗಂಟು ಆಚೆ ಚಾಚಿಕೊಂಡು, ಹೊಸ ಚಕ್ರದ ಒಳಮೈಯನ್ನು ಉದ್ದಕ್ಕೂ ಗೀರಿತ್ತು. ಅಂಗಡಿಗೆ ಫೋನು ಮಾಡಿದರೆ, "ಗೀರಿದ ಮಾಲು ವಾಪಸ್ ತಗೊಳಲ್ಲ ಸರ್," ಎಂದು ವಿನಯದಿಂದಲೇ ಇಟ್ಟುಬಿಟ್ಟರು.

ಹನ್ನೊಂದಾಯಿತು. ಮಾಲೀಕರು ಸೋಲೊಪ್ಪುವ ಪೈಕಿಯವರಲ್ಲ. ಒಳಗಡೆ ವಾಷರುಗಳನ್ನು ಪೇರಿಸಿ ಚಕ್ರವನ್ನು ಹೊರಕ್ಕೆ ದೂಡಿದರು. ಚಕ್ರವೇನೋ ತಿರುಗಿತು, ಆದರೆ ನಟ್ಟಿಗೆ ಹಿಡಿಯಲು ಎರಡೇ ಸುತ್ತು ಉಳಿಯಿತು.

"ಎರಡು ಎಳೇಲಿ ನಿಂತಿರೋ ಗುಂಡೀನ ನಾನು ಅಂಗಿ ಮೇಲೇ ನಂಬಲ್ಲ," ಎಂದರು ಹೆಂಡತಿ. "ಇದರ ಮೇಲೆ ನನ್ನ ಪರದೆ ಹತ್ತಲ್ಲ."

ಮಾಲೀಕರು ಅರ ತಂದರು. "ಬ್ರೇಕನ್ನೇ ಒಂಚೂರು ಉಜ್ಜಿಬಿಟ್ರೆ..."

"ಅಂಗಿ ಬಿಗಿ ಆಯ್ತು ಅಂತ ಗಿರಾಕಿ ಭುಜ ಕೆತ್ತಕ್ಕಾಗತ್ತಾ? ಅರ ಕೆಳಗಿಡಿ."

ಇಟ್ಟರು. ಹೆಂಡತಿ ಒಳಗಿಂದ ಒಂದು ರಟ್ಟು ತಂದು, ಬ್ರೇಕಿನ ಪಕ್ಕ ಹಿಡಿದು, ಅದರ ಉಬ್ಬುತಗ್ಗುಗಳನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ಕತ್ತರಿಯಲ್ಲಿ ಕಚಕಚನೆ ಕತ್ತರಿಸಿ, ಹೊಸ ಚಕ್ರದೊಳಗೆ ಇಟ್ಟು ಒಂದು ಸುತ್ತು ತಿರುಗಿಸಿದರು. ಕಾಲು ಸುತ್ತಿಗೇ ರಟ್ಟು ಮಡಚಿಕೊಂಡಿತು. ನಾಲ್ಕು ನಿಮಿಷದ ಕೆಲಸ. ಬೆರಳು ದಪ್ಪದ ಜಾಗ ಕಮ್ಮಿ ಇತ್ತು.

"ಇದನ್ನ ಬೆಳಗ್ಗೇನೇ ಮಾಡ್ಬಹುದಿತ್ತಲ್ಲ?" ಎಂದು ಮಾಲೀಕರು ಸಣ್ಣ ದನಿಯಲ್ಲಿ ಕೇಳಿದರು.

"ಬೆಳಗ್ಗೆ ಒಳಗೆ ಬರೀ ಗಾಳಿ ಇತ್ತಲ್ಲ."

ಆಗ ಹೆಂಡತಿಯ ಕಣ್ಣು ತುಂಬಿದ್ದನ್ನು ಮಾಲೀಕರು ಕಂಡರು. ತಮಾಷೆ ಅಲ್ಲಿಗೆ ಮುಗಿಯಿತು. ಎರಡು ತಿಂಗಳು ಬೆನ್ನು ಬಗ್ಗಿಸಿ ಹೊಲಿದದ್ದು ನಡುಮನೆಯಲ್ಲಿ ರಾಶಿ ಬಿದ್ದಿತ್ತು, ಗಡಿಯಾರ ಎರಡರತ್ತ ಹೊರಟಿತ್ತು. ಮಾಲೀಕರಿಗೆ ನಿಜಕ್ಕೂ ನಾಚಿಕೆಯಾಯಿತು. 'ಗಾಡಿ ಅಂದ್ರೇನು ಅಂತ ನನ್ನ ಹತ್ರ ಕಲಿ' ಎಂದು ತಾವು ಸದಾ ಚುಡಾಯಿಸುತ್ತಿದ್ದ ಬಾಮೈದನಿಗೆ ತಾವೇ ಫೋನು ಮಾಡಿದರು.

"ಹಳೇ ಚಕ್ರ ವಾಪಸ್ ತರ್ತೀಯೇನಪ್ಪಾ?"

"ನನ್ನ ಗಾಡಿಗೆ ಹಾಕ್ಬಿಟ್ಟೆ ಭಾವ. ಏನು ಚೆನ್ನಾಗಿ ಓಡ್ತಿದೆ ಅಂತೀರಾ!"

"ಹಾಗಾದ್ರೆ ಗಾಡಿ ಸಮೇತ ಬಾ. ಅಕ್ಕನ ಪರದೆ ಹೋಗ್ಬೇಕು."

ಅವನು ಚುಡಾಯಿಸುವ ಒಂದು ಮಾತೂ ಆಡದೆ ಬಂದ. ಆಡಿದ್ದರೇ ವಾಸಿಯಿತ್ತು ಎಂದು ಮಾಲೀಕರಿಗೆ ಅನ್ನಿಸಿತು. ಅಕ್ಕ ತಮ್ಮ ಮುಂದೆ ಕೂತರು. ಮಖಮಲ್ಲಿನ ಗಂಟುಗಳು ಗಾಳಿಗೆ ಹಾರದಂತೆ ಅವುಗಳ ಮೇಲೆ ಭಾರಕ್ಕೆ ಯಾರಾದರೂ ಬೇಕಿತ್ತು; ಮಾಲೀಕರು ಹಿಂದೆ ಹತ್ತಿದರು.

ಮೂರಕ್ಕೆ ಐದು ನಿಮಿಷವಿರುವಾಗ ರಂಗಮಂದಿರ ತಲುಪಿದರು. ಮ್ಯಾನೇಜರು ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿ, "ತುಂಬ ಚೆನ್ನಾಗಿದೆ ಮೇಡಂ, ಕಿಟಕಿ ಪರದೆಗಳೂ ನಿಮಗೇ," ಎಂದರು. ಆಮೇಲೆ, ಮೈತುಂಬ ಕೆಂಪು ನೂಲು ಮೆತ್ತಿಕೊಂಡು, ಮೊಣಕೈವರೆಗೆ ಗ್ರೀಸು ಬಳಿದುಕೊಂಡು ಗಂಟು ಹೊತ್ತು ಮೆಟ್ಟಿಲೇರುತ್ತಿದ್ದವರನ್ನು ನೋಡಿ, "ಇವರು ಯಾರು?" ಎಂದು ಕೇಳಿದರು.

"ನಮ್ಮ ಹೊಸ ಕೆಲಸದವರು ಸರ್. ಇವತ್ತೇ ಸೇರಿದ್ದು," ಎಂದರು ಹೆಂಡತಿ. "ಕೆಲಸಕ್ಕೆ ಗಟ್ಟಿ, ಅಳತೆ ಒಂದು ಇನ್ನೂ ಬರಲ್ಲ."

ಮಾಲೀಕರು ಗಂಟಿನ ಕೆಳಗಿನಿಂದಲೇ, "ಕಲೀತೀನಿ ಸರ್," ಎಂದರು.