ಹತ್ತು ಗ್ಯಾಲನ್ನಿನ ತುಂಬು ಸಂಸಾರ

“ಅಮ್ಮಾ, ಅಪ್ಪಂಗೆ ‘ಬೇಡ’ ಅನ್ನೋ ಮಾತೇ ಬರಲ್ವಾ?”

ನನ್ನ ಐದು ವರ್ಷದ ಮಗಳು ಲಿನ್ನೇಯ ಹೀಗೆ ಕೇಳಿದಾಗ ಅವಳಪ್ಪ ಕರ್ಟ್ ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವುತ್ತಿದ್ದ. ಕೋಟಿನೊಳಗೆ ಕೂಸಿನಂತೆ ಅವಚಿಕೊಂಡ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ನೀರು. ನೀರಿನಲ್ಲಿ ಮತ್ತೆ ನಾಲ್ಕು ಗಪ್ಪಿ ಮೀನು!

“ಆಫೀಸಿನ ವೇಯ್ನ್ ಕೊಟ್ಟ. ಎರಡು ಸಲ ಬೇಡ ಅಂದೆ ಜೀನಾ, ದೇವರಾಣೆ! ಮೂರನೇ ಸಲಾನೂ ಕೇಳ್ದ. ಮೂರನೇ ಸಲಾನೂ ಬೇಡ ಅನ್ನೋಕಾಗುತ್ತಾ? ಮನುಷ್ಯರಲ್ವಾ ನಾವು?”

ಇದು ಅಮೆರಿಕದ ಉತ್ತರ ತುದಿಯ ನಮ್ಮೂರು ಡುಲೂತಿನ ಧರ್ಮಶಾಸ್ತ್ರ. ಯಾರು ಏನೇ ನೀಡಲಿ, ಎರಡು ಸಲ ಒಲ್ಲೆ ಎನ್ನಬೇಕು. ಮೂರನೆಯದಕ್ಕೆ “ಇಷ್ಟೊಂದು ಹೇಳ್ತೀರಿ ಅಂದ್ಮೇಲೆ...” ಎಂದು ನಾಚಿ ಕೈಚಾಚಬೇಕು. ನಾನೋ ನ್ಯೂಜೆರ್ಸಿಯವಳು. ನಮ್ಮಲ್ಲಿ ಬೇಡ ಎಂದರೆ ಬೇಡ. ಬೇಕೆನಿಸಿದರೆ ಪಕ್ಕದವರ ತಟ್ಟೆಗೇ ಕೈ! ಎಂಟು ವರ್ಷದಿಂದ ಈ ಊರಿನ ಸೊಸೆಯಾಗಿದ್ದರೂ ಈ ಮೂರರ ಮಗ್ಗಿ ನನ್ನ ತಲೆಗೆ ಹತ್ತಿಲ್ಲ.

ನಮ್ಮದು ಹತ್ತು ಗ್ಯಾಲನ್ನಿನ ಪುಟಾಣಿ ಅಕ್ವೇರಿಯಂ. ಒಂದು ಗ್ಯಾಲನ್ ನೀರಿಗೆ ಒಂದು ಅಂಗುಲ ಮೀನು, ಅದಕ್ಕಿಂತ ಹೆಚ್ಚು ಬಿಡಬೇಡಿ ಎಂದು ಅಂಗಡಿಯಾಕೆ ಬೆರಳೆತ್ತಿ ಎಚ್ಚರಿಸಿದ್ದಳು. ಲಿನ್ನೇಯಳ ಹುಟ್ಟುಹಬ್ಬಕ್ಕೆ ಬಂದ ಬಟನಮ್ಮ ಮತ್ತವಳ ಮೂವರು ಸಂಗಾತಿಗಳು ಅದರಲ್ಲಿ ಅರಮನೆಯಲ್ಲಿದ್ದಂತೆ ಇದ್ದರು. ಬಟನಮ್ಮನೆಂದರೆ ಕಿತ್ತಳೆ ಬಣ್ಣದ, ದುಂಡು ಹೊಟ್ಟೆಯ ಪ್ಲ್ಯಾಟಿ ಮೀನು. ನನ್ನ ಮಗಳ ಪಂಚಪ್ರಾಣ. ಆಮೇಲೆ ಕರ್ಟ್ ಕಂತು ಕಂತಾಗಿ ತಂದ ಗಪ್ಪಿಗಳೂ ಸೇರಿ ಈಗ ಆ ಅರಮನೆ ಆಫೀಸು ಬಿಡುವ ಹೊತ್ತಿನ ಬಸ್ಸಾಗಿತ್ತು!

“ಇವು ಮರಿಗಳು ಕಣೆ, ಅರ್ಧ ಅಂಗುಲಾನೂ ಇಲ್ಲ.”

“ಬೆಳೀತವೆ ಕರ್ಟ್!”

“ಇನ್ನೂ ಬೆಳೆದಿಲ್ವಲ್ಲ!”

ಅಂದೇ ಡೈರಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ: ‘ಇಂದಿನಿಂದ ಮೀನುಗಳ ಜನಸಂಖ್ಯಾ ಖಾತೆ ನನ್ನದು. ಇನ್ನೊಂದು ಬಾಲವೂ ಈ ಹೊಸಿಲು ದಾಟಕೂಡದು!’

ಮಾರನೆಯ ದಿನ, ಶನಿವಾರ, ಲಿನ್ನೇಯ ಓಡಿ ಬಂದಳು. “ಅಮ್ಮಾ, ಮೀನೆಲ್ಲಾ ಹಾಡ್ತಿವೆ!”

ಹಾಡಲ್ಲ, ಏದುಸಿರು! ನೀರು ಅಕ್ಕಿ ತೊಳೆದಂತಾಗಿತ್ತು. ಅಷ್ಟೂ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದವು. ಬಟನಮ್ಮ ಮಾತ್ರ ತಳದಲ್ಲಿ, ಒಂದು ಮಗ್ಗುಲಿಗೆ ವಾಲಿ ಬಿದ್ದಿದ್ದಳು.

“ಬಟನಮ್ಮ ಸತ್ತೋಗ್ತಾಳಾ?” ಲಿನ್ನೇಯ ನನ್ನ ಅಂಗಿ ಜಗ್ಗಿದಳು.

“ನಾನಿರೋವಾಗ?” ಎಂದು ಸೆರಗಿಲ್ಲದಿದ್ದರೂ ಸೊಂಟ ಕಟ್ಟಿದೆ.

ಈ ಊರಿನ ಯಾವ ಮನೆಯಲ್ಲೂ ಐಸ್‌ಕ್ರೀಮಿನ ಖಾಲಿ ಡಬ್ಬ ಎಸೆಯುವುದಿಲ್ಲ. ಹಿಟ್ಟಿಗೂ ಅದೇ, ಮೊಳೆಗೂ ಅದೇ. ಒಂದು ಡಬ್ಬದಲ್ಲಿ ಹದವಾದ ಹೊಸ ನೀರು ತುಂಬಿ ಬಟನಮ್ಮನನ್ನು ಬಿಟ್ಟು, ಹಾರದಿರಲೆಂದು ಮುಚ್ಚಳ ಸಡಿಲವಾಗಿ ಇಟ್ಟೆ. ಇನ್ನೊಂದಕ್ಕೆ ಲೆಕ್ಕ ಮೀರಿದ ಗಪ್ಪಿಗಳ ದಂಡು. ಅಕ್ವೇರಿಯಮ್ಮಿನ ಅರ್ಧ ನೀರು ಬದಲಿಸಿದೆ. ಅಡುಗೆಕಟ್ಟೆಯ ಮೇಲೆ ನಿನ್ನೆಯ ಬೀನ್ಸ್ ಸೂಪೂ ಅಂಥದೇ ಡಬ್ಬದಲ್ಲಿ ಕೂತಿತ್ತು. ಜನವರಿಯಲ್ಲಿ ನಮ್ಮ ಗ್ಯಾರೇಜೇ ನಮ್ಮ ಫ್ರೀಜರು. ಸೂಪನ್ನು ಅಲ್ಲಿಟ್ಟು, ಗಪ್ಪಿಗಳನ್ನು ಹೊತ್ತು ಎದುರುಮನೆಗೆ ದಂಡೆತ್ತಿ ಹೋದೆ. ಆರ್ಡಿಸ್ ಅಜ್ಜಿಯ ದೊಡ್ಡ ಅಕ್ವೇರಿಯಂ ಚಳಿಗಾಲಕ್ಕೂ ಮೊದಲೇ ಖಾಲಿಯಾಗಿತ್ತು. ಒಳಗೆ ದೀಪ ಮಾತ್ರ ಉರಿಯುತ್ತಿತ್ತು.

“ಅಜ್ಜಿ, ಮೀನು ತಗೊಳ್ತೀರಾ?”

“ಅಯ್ಯೋ, ನನಗ್ಯಾಕಮ್ಮ! ಲಿನ್ನೇಯ ಆಡ್ಕೊಳ್ಳಲಿ.”

“ನಿಜವಾಗ್ಲೂ ಬೇಡ್ವಾ?”

“ಛೆ ಛೆ, ಬೇಡಮ್ಮ... ಎಷ್ಟು ಮುದ್ದಾಗಿವೆ, ಅಲ್ವಾ?”

“ಸರಿ ಬಿಡಿ!” ಎಂದು ಹಿಂತಿರುಗಿದೆ. ಬೇಡ ಎಂದರೆ ಬೇಡ. ಗಪ್ಪಿಗಳಿಗೆ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಬಿಡಾರವಾಯಿತು. ನಾನಿನ್ನೂ ಕೋಟು ಬಿಚ್ಚಿರಲಿಲ್ಲ. ಅಡುಗೆಮನೆಯಿಂದ ಚೀತ್ಕಾರ!

“ಅಮ್ಮಾ! ಬಟನಮ್ಮ ಸೂಪ್ ಆಗ್ಬಿಟ್ಟಿದಾಳೆ!”

ಲಿನ್ನೇಯಳ ಕೈಯಲ್ಲಿ ಮುಚ್ಚಳ. ಡಬ್ಬದಲ್ಲಿ ಬೀನ್ಸು.

ಕರ್ಟ್ ನನ್ನನ್ನು ನೋಡಿದ. “ಜೀನಾ... ಗ್ಯಾರೇಜಲ್ಲಿ ಏನಿಟ್ಟೆ?”

ಓಡಿದೆ! ಜನಸಂಖ್ಯಾ ಮಂತ್ರಿಣಿಯು ಒಂದೇ ಕಾಲಿಗೆ ಬೂಟು ಹಾಕಿಕೊಂಡು ಓಡಿದಳು! ಡಬ್ಬ ಮಂಜಿನಂತೆ ತಣ್ಣಗಿತ್ತು. ಬಟನಮ್ಮ ಕದಲಲಿಲ್ಲ. ಇನ್ನೂ ನೋಡಿದೆ. ಕಿವಿರು ಒಮ್ಮೆ, ಬಲು ನಿಧಾನವಾಗಿ, ತೆರೆದು ಮುಚ್ಚಿತು. ನಾನು ಅಲ್ಲೇ ಕಾರಿಗೆ ಒರಗಿ ಅತ್ತುಬಿಟ್ಟೆ.

“ಬಿಸಿ ನೀರು ಸುರೀಬೇಡ, ನಿಧಾನಕ್ಕೆ ಬೆಚ್ಚಗಾಗ್ಬೇಕು,” ಎಂದ ಕರ್ಟ್. ಡಬ್ಬಕ್ಕೆ ತನ್ನ ಉಣ್ಣೆಯ ಸ್ವೆಟರು ಸುತ್ತಿ, ಹೊಟ್ಟೆಗೆ ಅಪ್ಪಿಕೊಂಡು ಸೋಫಾದಲ್ಲಿ ಕೂತ. ಪಕ್ಕದಲ್ಲಿ ಲಿನ್ನೇಯ. ಊಟಕ್ಕೆ ಕರೆದೆ, ಎರಡು ಸಲ ಬೇಡವೆಂದ. ಮೂರನೇ ಸಲ ಕರೆದೆ, ಆಗಲೂ ಬೇಡವೆಂದ! ಅಂತೂ ನನ್ನ ಗಂಡನಿಗೆ ಆ ಮಾತು ಬರುತ್ತದೆ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಬಟನಮ್ಮ ನೆಟ್ಟಗಾಗಿ ಬಾಲ ಬೀಸಿದಳು. ಅಬ್ಬಾ! ಹೋದ ಜೀವ ಬಂತು, ಅವಳದಲ್ಲ, ನನ್ನದು. ಅಷ್ಟರಲ್ಲಿ ಲಿನ್ನೇಯ ಡಬ್ಬಕ್ಕೆ ಮೂಗು ತಾಗಿಸಿ ಪಿಸುಗುಟ್ಟಿದಳು.

“ಅಮ್ಮಾ, ನೀರೊಳಗೆ ಬರೀ ಕಣ್ಣುಗಳು ಓಡಾಡ್ತಿವೆ.”

ಬಗ್ಗಿ ನೋಡಿದೆ. ಕಣ್ಣುಗಳೇ. ಪ್ರತಿ ಜೊತೆಗೂ ಒಂದೊಂದು ಬಾಲ! ಮೊಟ್ಟೆಯಿಡದೆ ನೇರ ಮರಿ ಹಾಕುವ ಜಾತಿಯ, ದುಂಡು ಹೊಟ್ಟೆಯ ಬಟನಮ್ಮ ನನ್ನ ಆಡಳಿತದ ಮೊದಲ ದಿನವೇ ಬಾಣಂತಿಯಾಗಿದ್ದಳು. ಎಣಿಸಲು ಹೊರಟವಳು ಇಪ್ಪತ್ತು ದಾಟುತ್ತಲೇ ರಾಜೀನಾಮೆ ಕೊಟ್ಟೆ.

ಕರ್ಟ್ ನಗಲಿಲ್ಲ. ಅದೇ ದೊಡ್ಡ ಗುಣ. “ಆರ್ಡಿಸ್ ಅಜ್ಜಿ ಎಷ್ಟು ಸಲ ಬೇಡ ಅಂದ್ರು?” ಎಂದಷ್ಟೇ ಕೇಳಿದ.

“ಎರಡು ಸಲ. ಖಡಾಖಂಡಿತವಾಗಿ!”

ಅವನು ಕಿಟಕಿಯತ್ತ ಕಣ್ಣು ಹೊರಳಿಸಿದ. ಎದುರುಮನೆಯ ದೊಡ್ಡ ಅಕ್ವೇರಿಯಮ್ಮಿನಲ್ಲಿ ಹೊಸ ನೀರು ತುಂಬಿ ಗುಳ್ಳೆಗಳೇಳುತ್ತಿದ್ದವು. ಅದರ ಪಕ್ಕ ಆರ್ಡಿಸ್ ಅಜ್ಜಿ, ಕೈಯಲ್ಲಿ ಮೀನಿನ ಬಲೆ, ಕಣ್ಣು ನಮ್ಮ ಬಾಗಿಲ ಮೇಲೆ.

“ಒಂದು ಉಪಕಾರ ಮಾಡ್ತೀಯಾ ಜೀನಾ?” ಎಂದ ಕರ್ಟ್. “ಹೋಗಿ ಇನ್ನೊಂದೇ ಒಂದು ಸಲ ಕೇಳು. ಪಾಪ, ಬೆಳಗ್ಗಿಂದ ಕಾಯ್ತಿದಾರೆ.”