ಗಾಜಿನ ರೂಮಿನ ಅಂಜಿಕಿ

ಅಂಜೋರಿಗೇ ಇಂಥಾವು ಆಗ್ತಾವ್ರೀ. ಧೈರ್ಯ ಇದ್ದವರು ಸುಮ್ಮನ ಕುಂತಿರ್ತಾರ, ಅವರಿಗೆ ಏನೂ ಆಗೂದಿಲ್ಲ. ನನಗ ಮಾತ್ರ ದಿನಾ ಒಂದಿಲ್ಲೊಂದು.

ಹೈದರಾಬಾದಿನ್ಯಾಗ ಎತ್ತ ನೋಡಿದ್ರೂ ಸಾಫ್ಟ್‌ವೇರ್ ಕಂಪನಿ ಏಳಾಕತ್ತಿದ್ದ ಕಾಲ. ಇಂಜಿನಿಯರಿಂಗ್ ಮುಗಿಸಿದ ಮೂವತ್ತು ಮಂದೀನ ಒಂದು ಕಂಪನಿ ಟ್ರೇನಿಂಗಿಗೆ ತೊಗೊಂಡಿತ್ತು, ಅದರಾಗ ನಾನೂ ಒಬ್ಬ. ಮೂರು ತಿಂಗಳು ಕಲಸ್ತಾರ, ವಾರಕ್ಕೊಂದು ಸಣ್ಣ ಪರೀಕ್ಷಾ, ಕಡೀಕ ಒಂದು ದೊಡ್ಡ ಪರೀಕ್ಷಾ. ದಾಟಿದವರಿಗೆ ನೌಕರಿ. ಯಾವ ಪರೀಕ್ಷಾನ ಆಗಲಿ, ದಾಟದವರನ್ನ ಶುಕ್ರವಾರ ಮಧ್ಯಾಹ್ನ ಎಚ್.ಆರ್. ಮೇಡಂ ತಮ್ಮ ಗಾಜಿನ ರೂಮಿಗೆ ಕರೀತಿದ್ರು. ಒಳಗ ಹೋದವರು ಕೊರಳಾಗಿನ ಐಡಿ ಕಾರ್ಡ್ ಬಿಚ್ಚಿ ಕೊಟ್ಟು, ಬ್ಯಾಗ್ ತೊಗೊಂಡು ಸೀದಾ ಮನೀಗೆ. ಗಾಜಿನ ಗ್ವಾಡಿ ಅಲ್ಲೇನ್ರೀ, ಕಣ್ಣು ಒರಸಿಕೊಳ್ಳೂದು ಸೈತ ನಮಗೆಲ್ಲಾ ಕಾಣತಿತ್ತು.

ಇತ್ತ ನಮ್ಮವ್ವ ಮಗಾ ಸಾಫ್ಟ್‌ವೇರ್ ಇಂಜಿನಿಯರ್ ಆದ ಅಂತ ನಾವಿದ್ದ ಮಲ್ಕಾಜ್‌ಗಿರಿಯ ರೈಲ್ವೇ ಮಂದೀಗೆಲ್ಲಾ ಪೇಡೆ ಹಂಚಿ ಮುಗಿಸಿದ್ಳು. ಇನ್ನ ಯಾವ ಮುಖಾ ಹೊತ್ತು ತಿರುಗಿ ಹೋಗೂದು? ಆ ಮೂರು ತಿಂಗಳು ನಾ ಉಂಡದ್ದು ಮೈಗೆ ಹತ್ತಲಿಲ್ಲ.

ಗ್ವಾಡೀ ಮ್ಯಾಲಿನ ಸ್ವಿಚ್ಚು

ನಾಕನೇ ವಾರದ ಪರೀಕ್ಷಾ. ಒಂದರಿಂದ ನೂರರ ತನಕ ಎಣಿಸಿ ಪ್ರಿಂಟ್ ಮಾಡೂ ಪ್ರೋಗ್ರಾಮ್ ಬರೀಬೇಕು. ನೂರಕ್ಕ ನಿಲ್ಲು ಅಂತ ಹೇಳೂದನ್ನ ನಾ ಮರತೆ. ಪ್ರಿಂಟರ್ ಇದ್ದದ್ದು ಟ್ರೇನರ್ ಸಾಹೇಬ್ರ ಮಗ್ಗಲಕ. ಅದು ಕರಕರ ಅಂತ ನೂರು ದಾಟ್ತು, ಸಾವಿರ ದಾಟ್ತು, ಕಾಗದ ಇಳಿದಿಳಿದು ಸಾಹೇಬ್ರ ಬೂಟು ಮುಚ್ಚಾಕತ್ತಿತು. ಯಾರದಿದು ಅಂತ ಅವರು ತೆಲುಗಿನ್ಯಾಗ ಒದರಿದ್ರು.

ಗ್ವಾಡೀ ಮ್ಯಾಲೆ ಒಂದು ದೊಡ್ಡ ಸ್ವಿಚ್ಚು ಕಂಡ್ತು, ಓಡಿ ಹೋಗಿ ಒತ್ತಿದೆ. ಪ್ರಿಂಟರ್ ನಿಂತಿತು. ಅದರ ಜೋಡಿ ಮೂವತ್ತು ಕಂಪ್ಯೂಟರ್ರೂ ನಿಂತ್ವು. ಬರದದ್ದನ್ನ ಒಬ್ಬರೂ ಸೇವ್ ಮಾಡಿರಲಿಲ್ಲ. ಪರೀಕ್ಷಾ ರದ್ದಾತು.

ಎಲ್ಲಾರೂ ಕೂಡಿ ಹೊಡೀತಾರ ಅಂತ ಮೂಲ್ಯಾಗ ನಿಂತಿದ್ದೆ. ಒಬ್ಬೊಬ್ಬರಾಗಿ ಬಂದು ಕೈ ಕುಲುಕಿ ಹೋದ್ರು. ಮುಂದಿನ ವಾರದ ಪರೀಕ್ಷಾಕ್ಕ ಮೊದಲ ಇಬ್ಬರು ಮಗ್ಗಲಕ ಬಂದು ಸಣ್ಣ ದನಿಯೊಳಗ ಕೇಳಿದ್ರು: "ಈ ಸಲಾ ಎಷ್ಟು ಗಂಟೇಕ್ಕ ಒತ್ತತಿ?"

ಅಪ್ಪನ ಶಿಫಾರಸು

ನನ್ನ ಮಾರ್ಕ್ಸ್ ನೋಡಿ ಅಪ್ಪಗ ಚಿಂತಿ ಹತ್ತಿತು. ಅಪ್ಪ ರಿಟೈರ್ಡ್ ಸ್ಟೇಷನ್ ಮಾಸ್ತರ್. ಸಾಹೇಬ್ರನ್ನ ಕಂಡು ಒಂದು ಮಾತು ಹಾಕಿದ್ರ ಎಂಥಾ ಕೆಲಸಾನೂ ಆಗ್ತೈತಿ ಅಂತ ಅವರ ನಂಬಿಕಿ. "ಬ್ಯಾಡ್ರೀ ಅಪ್ಪಾ, ನಿಮ್ಮ ಕಾಲು ಬೀಳ್ತೀನಿ" ಅಂದ್ರೂ ಕೇಳಲಿಲ್ಲ. ಬೇಗಂ ಬಜಾರಕ್ಕ ಹೋಗಿ ಬದಾಮಿ, ಅಂಜೂರ ಕಟ್ಟಿಸಿಕೊಂಡು, ಕೋಟು ಹಾಕ್ಕೊಂಡು ಆಫೀಸಿಗೆ ಹೋಗಿಬಂದ್ರು. ನನಗ ಗೊತ್ತಾದದ್ದು ಸಂಜೀಕ.

"ಸಾಹೇಬ್ರು ಭಾಳ ಛಲೋ ಮನಷ್ಯಾ. ನನ್ನ ನೋಡಿ ತಾವ ಎದ್ದು ಸೆಲ್ಯೂಟ್ ಹೊಡದ್ರು. ಭುಜದ ಮ್ಯಾಲೆ ಪಟ್ಟಿ, ಕೈಯಾಗ ವಾಕಿಟಾಕಿ. 'ಫಿಕರ್ ನಕ್ಕೋ ಕರೋ, ಚಿಂತಿ ಬಿಡ್ರಿ, ಹುಡುಗನ ಮ್ಯಾಲೆ ನಾ ನಿಗಾ ಇಡ್ತೀನಿ' ಅಂದ್ರು."

ಅಪ್ಪ ಬದಾಮಿ ಕೊಟ್ಟು ಬಂದದ್ದು ಗೇಟಿನ ಸೆಕ್ಯುರಿಟಿ ಚಾಚಾಗ.

ಚಾಚಾ ಮಾತಿಗೆ ತಪ್ಪೂ ಮನಷ್ಯಾ ಅಲ್ಲ. ಮರುದಿನದಿಂದ ಉಳದವರನ್ನೆಲ್ಲಾ ಹಂಗ ಒಳಗ ಬಿಟ್ಟು, ನನ್ನೊಬ್ಬನ್ನ ನಿಲ್ಲಿಸಿ, ಕಾರ್ಡಿನ ಫೋಟೋ ನೋಡಿ, ಮುಖಾ ನೋಡಿ, ಬ್ಯಾಗಿನಾಗಿನ ರೊಟ್ಟಿ ಡಬ್ಬಿ ಸೈತ ತೆಗಿಸಿ ನೋಡಾಕತ್ತ. ಯಾಕ ಚಾಚಾ ಅಂದ್ರ, "ನಿಮ್ಮಪ್ಪಗ ಮಾತು ಕೊಟ್ಟೀನಿ ಬೇಟಾ" ಅಂದ.

ಖಂಡೇಪೂಜಾ

ದೊಡ್ಡ ಪರೀಕ್ಷಾ ದಸರಾದ ಮರುದಿನ. ನವಮಿ ದಿನ ಎದ್ದು ನೋಡ್ತೀನಿ, ನನ್ನ ನೋಟ್ಸ್ ಇಲ್ಲ, ಐಡಿ ಕಾರ್ಡೂ ಇಲ್ಲ. ಖಂಡೇಪೂಜಾದಾಗ ನಮ್ಮ ಮನ್ಯಾಗ ದುಡಿಯೋ ಸಾಮಾನೆಲ್ಲಾ ದೇವರ ಮುಂದ ಇಡ್ತಾರ. ಮರುದಿನ ಸಂಜೀಕ ಬನ್ನಿ ಕೊಟ್ಟು ತೊಗೊಳ್ಳೂತನಕ ಯಾರೂ ಮುಟ್ಟಂಗಿಲ್ಲ. ಅಪ್ಪನ ಕೆಂಪು, ಹಸರು ಬಾವುಟ, ಅವ್ವನ ಈಳಿಗಿ, ನಡುವ ನನ್ನ ನೋಟ್ಸು, ಮಗ್ಗಲಕ ಕಾರ್ಡು. ಕಾರ್ಡಿನ ಫೋಟೋಕ್ಕ ಅವ್ವ ಗಟ್ಟಿಯಾಗಿ ಅರಿಶಿಣ ಕುಂಕುಮ ಹಚ್ಚಿಬಿಟ್ಟಿದ್ಳು.

"ಅವ್ವಾ, ನಾ ಓದಬೇಕಲ್ಲ?"

"ಎರಡು ದಿನಾ ಸರಸ್ವತೀನ ನಿನ್ನ ಸಲುವಾಗಿ ಓದ್ತಾಳ, ಸುಮ್ಮನಿರು. ಕಾರ್ಡಿನ ಕುಂಕುಮಾ ಅಳಿಸಿಗಿಳಿಸೀ ಮತ್ತ. ರಿಸಲ್ಟ್ ಬರೂತನಕ ಇರಲಿ."

ನೋಟ್ಸಿನ ಒಂದು ಪುಟ ತೆರದಿತ್ತು. ಕೈ ಮುಗದು, ಬಗ್ಗಿ, ಅದನ್ನ ಓದಿದೆ. ಹೊಳ್ಳಿ ಬಂದು ಮತ್ತ ಕೈ ಮುಗದೆ. ಹತ್ತು ಹನ್ನೆರಡು ಸಲಾ ಅಡ್ಡಬಿದ್ದೆ. ಅವ್ವನ ಕಣ್ಣಾಗ ನೀರು ಬಂತು. "ಎಂಥಾ ಭಕ್ತಿ ಬಂತಲ್ಲೋ ನನ್ನ ಕೂಸಿಗೆ!"

ಪುಟ ಬಾಯಿಪಾಠಾತು. ಮುಂದಿಂದು ತಿರುವೂದು ಹೆಂಗ? ಅಪ್ಪಗ ಕಣ್ಸನ್ನಿ ಮಾಡಿದೆ. ಪಾಪ, ಅವರು ಎದ್ದು ಫ್ಯಾನ್ ಫುಲ್ ಇಟ್ರು. ಪುಟಗಳೇನೋ ಪಟಪಟ ತಿರುಗಿದ್ವು, ನಂದಾದೀಪಾನೂ ಹೊಯ್ದಾಡ್ತು, ಅವ್ವ ಸೌಟು ಹಿಡಕೊಂಡು ಅಡಗಿಮನಿಯಿಂದ ಓಡಿ ಬಂದ್ಳು. ಆ ನವಮಿ ನಮ್ಮಿಬ್ಬರಿಗೂ ಹೋಳಿಗಿ ಸಿಕ್ಕಿದ್ದು ಮಧ್ಯಾಹ್ನ ಮೂರು ಗಂಟೇಕ್ಕ.

ಕಾರ್ಡಿನ ಮುಖಾ

ಪರೀಕ್ಷಾ ಬರದೆ. ಮುಂದಿನ ಶುಕ್ರವಾರ ಮಧ್ಯಾಹ್ನ ನನ್ನ ಮೇಜಿನ ಫೋನ್ ಹೊಡಕೊಂಡ್ತು. ಎಚ್.ಆರ್. ಮೇಡಂ. "ನನ್ನ ರೂಮಿಗೆ ಬಾ. ಐಡಿ ಕಾರ್ಡ್ ತೊಗೊಂಡು ಬಾ."

ಮುಗೀತು ನನ್ನ ಕಥಿ ಅಂದ್ಕೊಂಡೆ. ಚಾ ಕುಡಿಯೋ ಕಪ್ಪು ಮಗ್ಗಲಿನವಗ ಕೊಟ್ಟೆ. ಎಲ್ಲಾರ ಕೈ ಹಿಡದು ಹೋಗಿಬರ್ತೀನಿ ಅಂದೆ. ಟ್ರೇನರ್ ಸಾಹೇಬ್ರ ಕಾಲಿಗೆ ಬಿದ್ದೆ. ಅವರು ಗಾಬರಿಯಾಗಿ ಏನೋ ಹೇಳಾಕ ಬಂದ್ರು, ನಾ ನಿಲ್ಲಲಿಲ್ಲ. ಗಾಜಿನ ರೂಮಿನ ಬಾಗಲಾ ದಾಟೂದ ತಡ, ದುಃಖ ಉಕ್ಕಿ ಬಂತು. ಕಾರ್ಡ್ ಬಿಚ್ಚಿ ಮೇಜಿನ ಮ್ಯಾಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತೆ. "ನೀವೇನೂ ಹೇಳಬ್ಯಾಡ್ರಿ ಮೇಡಂ, ನಾನ ಹೋಗ್ತೀನಿ. ಅವ್ವ ಪೇಡೆ ಹಂಚಿ ಕುಂತಾಳ್ರೀ!"

ಮೇಡಂ ನೀರು ಕೊಟ್ರು. "ಹುಚ್ಚಪ್ಪಾ, ನೀ ಪಾಸಾಗೀದಿ. ನಿನ್ನ ಕಾರ್ಡಿನ್ಯಾಗ ಮುಖಾನ ಇಲ್ಲ, ಬರೇ ಕುಂಕುಮಾ ಐತಿ ಅಂತ ಗೇಟಿನ ಸೆಕ್ಯುರಿಟಿ ಕಂಪ್ಲೇಂಟ್ ಬರದಾನ. ನೌಕರೀ ಕಾರ್ಡಿಗೆ ಹೊಸಾ ಫೋಟೋ ತೆಗೀಬೇಕು. ಇತ್ತ ನೋಡು."

ಇತ್ತ ನೋಡಿದೆ. ಕ್ಲಿಕ್ ಅಂತು.

ಸಂಜೀಕ ಅಪ್ಪ ಕಾರ್ಡ್ ಹಿಡಕೊಂಡು ನನ್ನ ಹೆಸರು ಮೂರು ಸಲಾ ಓದಿದ್ರು. ಅವ್ವ ಮಂದೀಗೆ ತೋರಸ್ತೀನಿ ಅಂತ ಕಸಗೊಂಡ್ಳು. ಕೆಂಪು ಕಣ್ಣು, ಸುರಿಯೋ ಮೂಗು, ಸೊಟ್ಟ ಬಾಯಿ.

"ಅಯ್ಯ ನನ್ನ ಕೂಸ, ಪಾಸಾದವರ ಮುಖಾ ಹಿಂಗಿರ್ತೈತೇನೋ?" ಅಂದು ಸೀದಾ ದೇವರಮನೀಗೆ ಹೋಗಿ, ಕುಂಕುಮದ ಬಟ್ಟಲಾ ತಂದ್ಳು.