ಬಳುವಳಿಯಾಗಿ ಬಂದ ಕಣ್ಣು

ಅನುಮಾನ ನನ್ನ ಹುಟ್ಟುಗುಣ. ಯಾರಾದರೂ ನನ್ನ ಅಂಗಿ ಚೆನ್ನಾಗಿದೆ ಎಂದರೆ, ಬೆನ್ನ ಹಿಂದೆ ಹರಿದಿದೆಯೇನೋ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ. ಮಾಲೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಪಾಠ ಹೇಳುತ್ತಾ, ಹೊಟ್ಟೆನೋವೆಂದು ರಜೆ ಕೇಳುವ ಮಕ್ಕಳ ಮುಖಗಳನ್ನು ನೋಡಿ ನೋಡಿ ಈ ಗುಣ ಇನ್ನಷ್ಟು ಬಲಿತಿದೆ. ಆದ್ದರಿಂದ ನನ್ನ ಮಗ ಮಹೇಶ, ರೈಲು ಓಡಿಸುವ ಕೆಲಸದ ವೈದ್ಯಕೀಯ ಪರೀಕ್ಷೆಯಲ್ಲಿ ಫೇಲಾಗಿ ಬಂದಾಗ ನಾನು ಮೊದಲು ಅನುಮಾನಿಸಿದ್ದು ಅವನನ್ನೇ.

ಎರಡು ವರ್ಷ ಓದಿ ಲಿಖಿತ ಪರೀಕ್ಷೆ ಪಾಸು ಮಾಡಿದ್ದ ಹುಡುಗ. ವೈದ್ಯರು ಬಣ್ಣಬಣ್ಣದ ಚುಕ್ಕೆಗಳಿರುವ ಪುಸ್ತಕ ತೆರೆದು, ಚುಕ್ಕೆಗಳ ನಡುವೆ ಯಾವ ಅಂಕಿ ಇದೆ ಎಂದು ಕೇಳಿದರಂತೆ. "ಬರೀ ಚುಕ್ಕೆ ಇತ್ತಪ್ಪ. ಅಂಕಿ ಎಲ್ಲಿತ್ತು?" ಎಂದ. ಕೆಲಸಕ್ಕೆ ಹೋಗಲು ಮನಸ್ಸಿಲ್ಲದೆ ಆಡುತ್ತಿರುವ ನಾಟಕವೇ ಇದು? ಪತ್ತೆ ಮಾಡಬೇಕೆಂದು ಅವನನ್ನು ಸಂತೆಗೆ ಕರೆದುಕೊಂಡು ಹೋಗಿ, ಹಣ್ಣಾದ ಟೊಮೇಟೊ ಆರಿಸು ಎಂದೆ. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತತೊಡಗಿದ. ಅಂಗಡಿಯವಳು ಸಿಡುಕಿದಳು. ಯಾಕೋ ಹೀಗೆ ಒತ್ತುತ್ತೀಯ ಎಂದು ನಾನು ಕೇಳಿದರೆ, "ಒತ್ತಿ ನೋಡ್ದೆ ಹಣ್ಣೋ ಕಾಯೋ ಹೆಂಗಪ್ಪ ಗೊತ್ತಾಗೋದು? ಎಲ್ರೂ ಹಂಗೇ ಅಲ್ವಾ ಮಾಡೋದು?" ಎಂದು ನನ್ನನ್ನೇ ಕೇಳಿದ. ಆ ಪ್ರಶ್ನೆಯಲ್ಲಿ ನಾಟಕವಿರಲಿಲ್ಲ.

ಮಗನ ಮೇಲಿನ ಅನುಮಾನ ಹೋಯಿತು. ಇನ್ನು ಅನುಮಾನಕ್ಕೆ ಬೇರೆಯವರು ಬೇಕಲ್ಲ. ನನ್ನ ಹೆಂಡತಿ ಸರಳಾ ನನಗಿಂತ ಮುಂದಿದ್ದಳು. "ನಿಮ್ಮ ಮನೇಲಿ ಅಪ್ಪ, ಚಿಕ್ಕಪ್ಪ, ಇಬ್ರು ಅಕ್ಕಂದಿರು, ಎಲ್ರಿಗೂ ದಪ್ಪ ಕನ್ನಡಕ. ನಮ್ಮ ಕಡೆ ಯಾರಿಗಿದೆ ಹೇಳಿ ನೋಡೋಣ?" ನಾನೂ ಆಗ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಕೋಲಾರದಲ್ಲಿ ಒಬ್ಬ ಕಣ್ಣಿನ ಡಾಕ್ಟರಮ್ಮ ಇದ್ದಾರೆಂದು ಮೂವರೂ ಹೋದೆವು. ಅವರು ಮಹೇಶನನ್ನು ಪರೀಕ್ಷಿಸಿ, ಕೆಂಪು ಹಸಿರು ಸರಿಯಾಗಿ ಬೇರೆಯಾಗಿ ಕಾಣುವುದಿಲ್ಲ, ಹುಟ್ಟಿನಿಂದಲೇ ಹೀಗೆ ಎಂದರು. "ಯಾರ ಕಡೆಯಿಂದ ಬಂತು ಮೇಡಂ?" ಎಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು. ಅನುವಂಶೀಯತೆಯಲ್ಲಿ ನನಗೆ ಗೊತ್ತಿದ್ದದ್ದು ಶಾಲೆಯ ಬಟಾಣಿ ಗಿಡದ ಪಾಠ ಮಾತ್ರ: ಬಲವಾದ ಗುಣ ಎದ್ದು ಕಾಣುತ್ತದೆ, ದುರ್ಬಲವಾದದ್ದು ಅಡಗುತ್ತದೆ. ಇದು ಅಷ್ಟು ನೇರವಲ್ಲ ಎಂದರು ಡಾಕ್ಟರಮ್ಮ. ಈ ದೋಷ ಕೂತಿರುವುದು ಎಕ್ಸ್ ಎನ್ನುವ ವರ್ಣತಂತುವಿನಲ್ಲಿ. ಗಂಡುಮಗನಿಗೆ ಅಪ್ಪ ಕೊಡುವುದು ವೈ. ಎಕ್ಸ್ ಬರುವುದು ಅಮ್ಮನಿಂದಲೇ.

"ನಂಗೆ ಎಲ್ಲಾ ಬಣ್ಣಾನೂ ಕಾಣುತ್ತಲ್ಲಾ ಮೇಡಂ!" ಎಂದಳು ಸರಳಾ.

"ನಿಮಗೆ ಎರಡು ಎಕ್ಸ್ ಇದೆಯಮ್ಮ. ಒಂದು ಕೈಕೊಟ್ರೆ ಇನ್ನೊಂದು ಸಂಭಾಳಿಸುತ್ತೆ. ಮಗನಿಗೆ ಇರೋದು ಒಂದೇ. ನಿಮ್ಮ ತಂದೆಯವರಿಗೆ ಬಣ್ಣ ಹೇಗೆ ಕಾಣುತ್ತೆ, ಒಮ್ಮೆ ನೋಡಿ."

ಮದುವೆಯಾದ ಮೇಲೆ ವಾದವೊಂದರಲ್ಲಿ ನಾನು ಗೆದ್ದದ್ದು ಅದೇ ಮೊದಲು. ಮೆಟ್ಟಿಲಿಳಿಯುವಾಗ ಶಿಳ್ಳೆ ಹಾಕುವುದೊಂದು ಬಾಕಿ. ಹಿಂದೆ ತಿರುಗಿದರೆ ಮಹೇಶ ತನ್ನ ಫೈಲನ್ನು ಎದೆಗವಚಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದ. ನಾಚಿಕೆಯಾಯಿತು. ಆದರೂ ಮುಂದಿನ ಭಾನುವಾರ ಮಾವನವರನ್ನು ಪರೀಕ್ಷಿಸಲು ಹೆಂಡತಿ ಮಗನನ್ನೂ ಕರೆದುಕೊಂಡು ಗೌನಿಪಲ್ಲಿಯ ಬಸ್ಸು ಹತ್ತುವಷ್ಟು ಅನುಮಾನ ಉಳಿದಿತ್ತು.

ಮಾವ ಮುನಿವೆಂಕಟಪ್ಪನವರಿಗೆ ಎಪ್ಪತ್ತಾರು. ಮಾವಿನ ತೋಟದವರು, ಮಾತಿನಲ್ಲಿ ತೆಲುಗೇ ಮುಂದು. ಇವತ್ತಿಗೂ ನಾನು ಅವರಿಗೆ ಅಳಿಯನಲ್ಲ, ಅಲ್ಲುಡು. ಜಗುಲಿಯ ಮೇಲೆ ಕೂರಿಸಿ ಮೊಬೈಲಿನಲ್ಲಿ ಚುಕ್ಕೆಗಳ ಚಿತ್ರ ತೋರಿಸಿದೆ.

"ಏಮಯ್ಯಾ ಅಲ್ಲುಡೂ, ಕಡ್ಲೆಕಾಳು ಚೆಲ್ಲಿರೋ ಫೋಟೋ ತೋರ್ಸಕ್ಕೆ ಮಾಲೂರಿಂದ ಬಂದ್ಯಾ?"

"ಅಪ್ಪಾ, ಸರಿಯಾಗಿ ನೋಡು. ನಡುವೆ ಎಂಟು ಇದೆ!" ಎಂದು ಸರಳಾ ಅವರಿಗಿಂತ ಹೆಚ್ಚು ಬೆವರುತ್ತಾ ಕೂಗಿದಳು.

"ಇದ್ರೆ ನೀನೇ ಇಟ್ಕೋ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ನಾಗಮ್ಮನವರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ಬಿಡೇ, ಆಯಪ್ಪಂಗೆ ಕಾಣ್ಸಲ್ಲ. ಮದ್ವೆಯಾದ ವರ್ಷಾನೇ ನಂಗೆ ಗೊತ್ತಾಯ್ತು. ಕೆಂಪು ಸೀರೆ ತತ್ತೀನಿ ಅಂತ ಶ್ರೀನಿವಾಸಪುರಕ್ಕೆ ಹೋಗಿ ಹಸ್ರು ಸೀರೆ ತಂದ್ರು. ಕೆಂಪು ಎಷ್ಟು ಚೆನ್ನಾಗೈತೆ ಅಂದೆ, ಉಟ್ಕೊಂಡೆ."

ಮಾವ ಹೆಂಡತಿಯ ಕಡೆ ತಿರುಗಿದರು. "ಐವತ್ತು ವರ್ಷ ಯಾಕೇ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ಸೀರೆ ತರೋದೇ ಬಿಟ್ಬಿಡ್ತಿದ್ರಿ."

ಮೊದಲು ನಕ್ಕದ್ದು ಮಹೇಶ. ಆ ಪರೀಕ್ಷೆಯ ದಿನದಿಂದ ಅವನು ನಕ್ಕದ್ದನ್ನು ನಾವು ನೋಡಿರಲಿಲ್ಲ. ತಾತ ಅವನನ್ನು ಪಕ್ಕಕ್ಕೆ ಎಳೆದುಕೊಂಡು, "ಏನ್ಲಾ, ಕೋಲಾರದಲ್ಲಿ ಸಿಗ್ನಲ್ ಹೆಂಗ್ ದಾಟ್ತೀಯಾ?" ಎಂದರು.

"ಮೇಲಿಂದು ಉರಿದ್ರೆ ನಿಲ್ಲೋದು, ಕೆಳಗಿಂದು ಉರಿದ್ರೆ ಹೋಗೋದು ತಾತಾ."

"ನಾನು ಮುಂದಿರೋ ಆಟೋ ಹೋದ್ರೆ ಹೋಗ್ತೀನಿ," ಎಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಜಗುಲಿಯ ಮೇಲೆ ಮಹೇಶ, ಬಣ್ಣ ನೋಡಬೇಕಿಲ್ಲದ ಕಚೇರಿ ಕೆಲಸಕ್ಕೆ ಅರ್ಜಿ ಹಾಕುವುದಾಗಿ ಹೇಳಿದ. ಹಾಕಿಯೂ ಹಾಕಿದ, ಈಗ ಅದಕ್ಕೆ ಓದುತ್ತಿದ್ದಾನೆ.

ಎಲ್ಲ ಬಣ್ಣಗಳೂ ಕಾಣುವ ನಾನು ಅವರಿಬ್ಬರ ನಗುವಿನಿಂದ ಹೊರಗುಳಿದಿದ್ದೆ. ಅಷ್ಟರಲ್ಲಿ ಅತ್ತೆ ಒಂದು ಮಂಕರಿ ಮಾವು ತಂದಿಟ್ಟರು. ಈ ಮನೆಯಲ್ಲಿ ಹಣ್ಣನ್ನು ನೋಡಿ ಆರಿಸಬಲ್ಲ ಗಂಡಸು ನಾನೊಬ್ಬನೇ ಎಂಬ ಹೆಮ್ಮೆಯಿಂದ ಕೆನ್ನೆ ಕೆಂಪಗಿದ್ದ ಒಂದನ್ನು ಎತ್ತಿಕೊಂಡೆ. ಮಾವ ಕೈಯಾಡಿಸಿ, ಮೂಸಿ, ಕಾಯಿಯಂತೆ ಹಸಿರಾಗಿದ್ದ ಒಂದನ್ನು ಮೊಮ್ಮಗನಿಗೆ ಕೊಟ್ಟರು. ಅವನ ಹಣ್ಣಿನ ರಸ ಮೊಣಕೈವರೆಗೆ ಇಳಿಯಿತು. ನನ್ನದನ್ನು ಕಚ್ಚಿದೊಡನೆ ನನ್ನ ಎರಡು ಕಣ್ಣೂ ತಾವಾಗಿ ಮುಚ್ಚಿಕೊಂಡವು.

"ಯಾಕ್ರೀ, ಹುಳೀನಾ?" ಎಂದು ಸರಳಾ ಬಹಳ ಮೃದುವಾಗಿ ಕೇಳಿದಳು.

"ಇಲ್ಲ, ಚೆನ್ನಾಗಿದೆ," ಎಂದೆ. ಗೆದ್ದವನು ನಾನಾದ್ದರಿಂದ ಓಟೆಯವರೆಗೂ ತಿಂದು ಮುಗಿಸಿದೆ.